‘ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್ ಮೇಲೆ ಕಟ್ಟಿದ ಕಾಯಿನ್, ಮೋಸಕ್ಕೆ ಜಾಗವೇ ಇಲ್ಲ’ ಎನ್ನುವ ಫಾರ್ವರ್ಡ್ ನಿಜವೇ? ಅಬ್‌ಸ್ಟ್ರಾಕ್ಟ್ ಕಾಂಟ್ರಾಕ್ಟ್ ಒಳಗೆ ಇಣುಕೋಣ ಬನ್ನಿ

ಹೊಸ ಕ್ರಿಪ್ಟೋ ಕಾಯಿನ್ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಫಾರ್ವರ್ಡ್ ಬರುತ್ತದೆ. ಪದಗಳು ಅಷ್ಟಿಷ್ಟು ಬೇರೆಯಾದರೂ ವಿಷಯ ಒಂದೇ: ‘ಇದು ಇಆರ್‌ಸಿ-20 ಸ್ಟ್ಯಾಂಡರ್ಡ್ ಟೋಕನ್. ಓಪನ್‌ಜೆಪ್ಪೆಲಿನ್ ಕಾಂಟ್ರಾಕ್ಟ್ ಮೇಲೆ ಕಟ್ಟಿದ್ದು. ಕೋಡ್ ವೆರಿಫೈ ಆಗಿದೆ. ಇನ್ನು ಯಾರೂ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ನಿಮ್ಮ ಹಣ ಸೇಫ್.’

ಮೊದಲ ನಾಲ್ಕು ವಾಕ್ಯಗಳು ಪೂರ್ತಿ ನಿಜವಾಗಿರಬಹುದು. ಐದನೆಯದು ಮಾತ್ರ ಆ ನಾಲ್ಕರಿಂದ ಹುಟ್ಟುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಪ್ರೋಗ್ರಾಮರ್‌ಗಳು ‘ಅಬ್‌ಸ್ಟ್ರಾಕ್ಟ್ ಕಾಂಟ್ರಾಕ್ಟ್’ ಎಂದು ಕರೆಯುವ ಒಂದು ಸಂಗತಿಯನ್ನು ಅರ್ಥ ಮಾಡಿಕೊಳ್ಳಬೇಕು. ಹೆಸರು ಕೇಳಿ ಹೆದರಬೇಡಿ. ಚೀಟಿ ಹಾಕಿ ಗೊತ್ತಿರುವವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ.

ಮೊದಲು ಒಂದು ನಿಜ ಘಟನೆ. 2021ರ ಅಕ್ಟೋಬರ್ ಕೊನೆಯಲ್ಲಿ ‘ಸ್ಕ್ವಿಡ್’ ಎಂಬ ಟೋಕನ್ ಮಾರುಕಟ್ಟೆಗೆ ಬಂತು. ಆಗ ನೆಟ್‌ಫ್ಲಿಕ್ಸ್‌ನಲ್ಲಿ ‘ಸ್ಕ್ವಿಡ್ ಗೇಮ್’ ಸರಣಿಯ ಹವಾ. ಟೋಕನ್‌ಗೂ ನೆಟ್‌ಫ್ಲಿಕ್ಸ್‌ಗೂ ಯಾವ ಸಂಬಂಧವೂ ಇರಲಿಲ್ಲ. ಒಂದು ಸೆಂಟ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ದಿನಗಳಲ್ಲಿ 2,800 ಡಾಲರ್ ದಾಟಿತು. ಕೊಂಡವರು ಮಾರಲು ಹೋದರೆ ಮಾರಾಟ ಆಗಲಿಲ್ಲ. ನವೆಂಬರ್ 1ರಂದು ಬೆಲೆ ಸೊನ್ನೆಯ ಹತ್ತಿರಕ್ಕೆ ಬಿತ್ತು. ತಯಾರಿಸಿದವರು ಸುಮಾರು 33 ಲಕ್ಷ ಡಾಲರ್ ಎತ್ತಿಕೊಂಡು ನಾಪತ್ತೆಯಾದರು. ಬೆಲೆ ಏರುತ್ತಲೇ ಇದ್ದುದಕ್ಕೆ ಒಂದು ಕಾರಣ ಬಹಳ ಸರಳ: ಕೊಳ್ಳುವವರಿದ್ದರು, ಮಾರಲು ಹೆಚ್ಚಿನವರಿಗೆ ಆಗುತ್ತಿರಲಿಲ್ಲ.

ಕೊಳ್ಳಬಹುದು, ಮಾರಲಾಗದು. ಇಂಥ ಏಕಮುಖ ಬಾಗಿಲನ್ನು ಕೋಡ್‌ನಲ್ಲಿ ಹೇಗೆ ಇಡುತ್ತಾರೆ?

ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಕರಾರುಪತ್ರವೇ?

ಅಲ್ಲ. ‘ಕಾಂಟ್ರಾಕ್ಟ್’ ಎಂಬ ಪದದಿಂದಾಗಿ ಛಾಪಾ ಕಾಗದ, ಸಾಕ್ಷಿ ಸಹಿ, ಕೋರ್ಟು ಎಲ್ಲ ನೆನಪಾಗುತ್ತದೆ. ಸ್ಮಾರ್ಟ್ ಕಾಂಟ್ರಾಕ್ಟ್ ಎಂಬುದು ಬ್ಲಾಕ್‌ಚೈನ್ ಮೇಲೆ ಕೂತಿರುವ ಒಂದು ಕಂಪ್ಯೂಟರ್ ಪ್ರೋಗ್ರಾಂ, ಅಷ್ಟೆ. 1990ರ ದಶಕದಲ್ಲಿ ಈ ಹೆಸರು ಕೊಟ್ಟ ನಿಕ್ ಸಾಬೊ ಅವರು ಇದನ್ನು ನಾಣ್ಯ ಹಾಕಿದರೆ ತಂಪುಪಾನೀಯ ಕೊಡುವ ಮಷಿನ್‌ಗೆ ಹೋಲಿಸಿದ್ದರು. ಕಾಸು ಬಿತ್ತು, ಬಾಟಲಿ ಹೊರಬಂತು, ನಡುವೆ ಅಂಗಡಿಯವನಿಲ್ಲ. 2015ರ ಜುಲೈನಲ್ಲಿ ಇಥೀರಿಯಂ ಶುರುವಾದ ಮೇಲೆ ಇಂಥ ಪ್ರೋಗ್ರಾಂಗಳನ್ನು ಯಾರು ಬೇಕಾದರೂ ಬರೆದು ಹಾಕುವಂತಾಯಿತು. ಅವನ್ನು ಹೆಚ್ಚಾಗಿ ಬರೆಯುವ ಭಾಷೆಯ ಹೆಸರು ಸಾಲಿಡಿಟಿ.

ಒಮ್ಮೆ ಬ್ಲಾಕ್‌ಚೈನ್ ಮೇಲೆ ಏರಿಸಿದ ಕೋಡನ್ನು ತಿದ್ದಲಾಗದು ಎಂಬ ಮಾತು ಸಾಮಾನ್ಯವಾಗಿ ನಿಜ. ಆದರೆ ಮಷಿನ್‌ ಒಳಗಿನ ಲೆಕ್ಕವೇ ಮೋಸದ್ದಾಗಿದ್ದರೆ, ತಿದ್ದಲಾಗದು ಎನ್ನುವುದು ನಿಮಗೆ ಅನುಕೂಲವಲ್ಲ, ಮೋಸಗಾರನಿಗೆ ಅನುಕೂಲ.

ಅಬ್‌ಸ್ಟ್ರಾಕ್ಟ್ ಕಾಂಟ್ರಾಕ್ಟ್: ಬರೆದು ಅರ್ಧಕ್ಕೆ ಬಿಟ್ಟ ಚೀಟಿ ನಿಯಮ

ಒಂದು ಬೀದಿಯವರು ಸೇರಿ ಚೀಟಿ ನಡೆಸುವ ಕೋಡ್ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಯಾವ ಚೀಟಿಯಾದರೂ ಕೆಲವು ನಿಯಮ ಒಂದೇ. ಸದಸ್ಯರ ಪಟ್ಟಿ ಇರಬೇಕು. ತಿಂಗಳ ಕಂತು ಯಾರು ಕಟ್ಟಿದರು, ಯಾರು ಬಾಕಿ ಎಂದು ಬರೆದಿಡಬೇಕು. ಒಮ್ಮೆ ಚೀಟಿ ಎತ್ತಿದವರು ಮತ್ತೆ ಎತ್ತಬಾರದು. ಎಲ್ಲರ ಕಂತು ಬಂದ ಮೇಲೆ ಆ ತಿಂಗಳ ಚೀಟಿ ಯಾರಿಗೋ ಅವರಿಗೆ ಹಣ ಹೋಗಬೇಕು.

ಆದರೆ ‘ಈ ತಿಂಗಳು ಯಾರಿಗೆ?’ ಎಂಬ ಒಂದು ಪ್ರಶ್ನೆಗೆ ಮಾತ್ರ ಊರಿಗೊಂದು ಉತ್ತರ. ಒಂದು ಕಡೆ ಹರಾಜು: ಹೆಚ್ಚು ಬಿಟ್ಟುಕೊಟ್ಟು ಕೂಗಿದವರಿಗೆ. ಇನ್ನೊಂದು ಕಡೆ ಹೆಸರು ಬರೆದ ಕಾಗದ ಮಡಿಸಿ ಡಬ್ಬಿಯಿಂದ ಎತ್ತುವುದು. ಮತ್ತೊಂದು ಕಡೆ ಮೊದಲೇ ಗೊತ್ತು ಮಾಡಿದ ಸರದಿ.

ಪ್ರೋಗ್ರಾಮರ್ ಏನು ಮಾಡುತ್ತಾನೆ? ಎಲ್ಲರಿಗೂ ಸಮಾನವಾದ ನಿಯಮಗಳನ್ನು ಒಂದೇ ಸಲ ಪೂರ್ತಿ ಬರೆಯುತ್ತಾನೆ. ‘ಈ ತಿಂಗಳು ಯಾರಿಗೆ?’ ಎಂಬ ಕೆಲಸಕ್ಕೆ ಹೆಸರನ್ನಷ್ಟೇ ಕೊಟ್ಟು ಒಳಗಿನ ಕೋಡನ್ನು ಖಾಲಿ ಬಿಡುತ್ತಾನೆ. ಇಡೀ ಬರಹದ ತಲೆಯ ಮೇಲೆ ‘ಅಬ್‌ಸ್ಟ್ರಾಕ್ಟ್’ ಎಂದು ಬರೆಯುತ್ತಾನೆ. ಅಂದರೆ, ಇದು ಅಪೂರ್ಣ, ಇದನ್ನು ಹೀಗೇ ಬಳಸುವಂತಿಲ್ಲ, ಇನ್ನೊಬ್ಬರು ಬಂದು ಖಾಲಿ ಜಾಗ ತುಂಬಬೇಕು. ಶಬ್ದಕೋಶದಲ್ಲಿ ಇದಕ್ಕೆ ‘ಅಮೂರ್ತ’ ಎಂಬ ಪದ ಸಿಗುತ್ತದೆ. ನಮಗೇನೋ ‘ಅರೆಬರೆ’ ಎಂದರೇ ವಿಷಯ ಬೇಗ ತಲೆಗೆ ಹೋಗುತ್ತದೆ.

ಈ ಅರೆಬರೆ ಕಾಂಟ್ರಾಕ್ಟನ್ನು ನೇರವಾಗಿ ಬ್ಲಾಕ್‌ಚೈನ್‌ಗೆ ಏರಿಸಲು ಹೋದರೆ ಆಗುವುದಿಲ್ಲ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಇಂಥ ಕಾಂಟ್ರಾಕ್ಟ್‌ಗೆ ಏರಿಸಬಹುದಾದ ಕೋಡನ್ನೇ ಹುಟ್ಟಿಸುವುದಿಲ್ಲ. ಹೆಸರು, ವಿಳಾಸ, ಬಾಡಿಗೆ ಮೊತ್ತ ಎಲ್ಲ ಚುಕ್ಕಿ ಚುಕ್ಕಿಯಾಗಿ ಬಿಟ್ಟ ಬಾಡಿಗೆ ಕರಾರಿನ ನಮೂನೆ ಇದ್ದ ಹಾಗೆ. ಅದನ್ನು ಹಿಡಿದು ಯಾರ ಮನೆಗೂ ಬಾಡಿಗೆಗೆ ಹೋಗಲಾಗದು.

ಈಗ ಎರಡನೆಯ ಪ್ರೋಗ್ರಾಮರ್ ‘ಹರಾಜು ಚೀಟಿ’ ಎಂಬ ಇನ್ನೊಂದು ಕಾಂಟ್ರಾಕ್ಟ್ ಬರೆಯುತ್ತಾನೆ. ‘ಇದು ಆ ಚೀಟಿಯ ಮಗು’ ಎಂದು ಮೊದಲ ಸಾಲಿನಲ್ಲಿ ಹೇಳಿ, ಖಾಲಿ ಬಿಟ್ಟ ಒಂದೇ ಕೆಲಸವನ್ನು ತುಂಬುತ್ತಾನೆ. ಕಂತಿನ ಲೆಕ್ಕ, ಸದಸ್ಯರ ಪಟ್ಟಿ ಎಲ್ಲ ಅಪ್ಪನ ಮನೆಯಿಂದ ಬಂದವು. ಇದನ್ನು ಏರಿಸಬಹುದು. ಏರಿಸಿದಾಗ ಅಪ್ಪನ ಕೋಡ್, ಮಗುವಿನ ಕೋಡ್ ಎರಡೂ ಬೆಸೆದು ಒಂದೇ ಕಾಂಟ್ರಾಕ್ಟ್ ಆಗಿ ಒಂದೇ ವಿಳಾಸದಲ್ಲಿ ಕೂರುತ್ತವೆ. ‘ಅಪ್ಪ’ ಬೇರೆಲ್ಲೋ ಕೂತು ಮಗುವಿನ ಮೇಲೆ ಕಣ್ಣಿಟ್ಟಿರುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

(ಡಬ್ಬಿಯಿಂದ ಹೆಸರು ಎತ್ತುವ ಚೀಟಿಯನ್ನು ಕೋಡ್‌ನಲ್ಲಿ ಬರೆಯುವುದು ಹರಾಜಿಗಿಂತ ಕಷ್ಟ. ಬ್ಲಾಕ್‌ಚೈನ್‌ನಲ್ಲಿರುವ ಪ್ರತಿ ಕಂಪ್ಯೂಟರ್‌ಗೂ ಒಂದೇ ಉತ್ತರ ಬರಬೇಕು. ಹಾಗಿರುವಾಗ ಯಾರೂ ಮೊದಲೇ ಊಹಿಸಲಾಗದ ಸಂಖ್ಯೆಯನ್ನು ಎಲ್ಲಿಂದ ತರುವುದು? ಅದೊಂದು ಬೇರೆಯದೇ ಲೇಖನ.)

ಯಾವ ಬಾಗಿಲಿಗೆ ಬೀಗ, ಯಾವುದಕ್ಕೆ ಇಲ್ಲ

ಖಾಲಿ ಜಾಗ ತುಂಬುವುದಷ್ಟೇ ಆಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸಾಲಿಡಿಟಿಯಲ್ಲಿ ಅಪ್ಪ ಪೂರ್ತಿ ಬರೆದಿಟ್ಟ ಕೆಲಸವನ್ನೂ ಮಗು ತನಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು, ಅಪ್ಪ ಅನುಮತಿ ಕೊಟ್ಟಿದ್ದರೆ. ಅನುಮತಿಯ ಗುರುತು ‘ವರ್ಚುಯಲ್’ ಎಂಬ ಪದ. ಬದಲಾಯಿಸಿದ್ದೇನೆ ಎಂದು ಮಗು ಒಪ್ಪಿಕೊಳ್ಳುವ ಗುರುತು ‘ಓವರ್‌ರೈಡ್’ ಎಂಬ ಪದ. ವರ್ಚುಯಲ್ ಎಂದು ಬರೆಯದ ಕೆಲಸಕ್ಕೆ ಬೀಗ ಹಾಕಿದಂತೆ. ಮಗು ಅದನ್ನು ಮುಟ್ಟಲು ಹೋದರೆ ಕಂಪೈಲರ್ ತಡೆಯುತ್ತದೆ.

ಮತ್ತೆ ಚೀಟಿಗೆ ಬನ್ನಿ. ಒಬ್ಬ ಖದೀಮ ‘ಈ ತಿಂಗಳು ಯಾರಿಗೆ?’ ಎಂಬ ಖಾಲಿ ಜಾಗದಲ್ಲಿ ‘ಪ್ರತಿ ತಿಂಗಳೂ ನನ್ನ ಭಾವಮೈದನಿಗೆ’ ಎಂದು ಬರೆದ ಎನ್ನಿ. ‘ಒಮ್ಮೆ ಎತ್ತಿದವರು ಮತ್ತೆ ಎತ್ತಬಾರದು’ ಎಂಬ ನಿಯಮಕ್ಕೆ ಅಪ್ಪ ಬೀಗ ಹಾಕಿದ್ದರೆ ಎರಡನೇ ತಿಂಗಳೇ ಅವನ ಆಟ ನಿಲ್ಲುತ್ತದೆ. ಆ ನಿಯಮವನ್ನೂ ವರ್ಚುಯಲ್ ಮಾಡಿ ಬಿಟ್ಟಿದ್ದರೆ? ಅವನು ಅದನ್ನೂ ಅಳಿಸಿ ಬರೆಯುತ್ತಾನೆ. ಹೊರಗೆ ಮಾತ್ರ ‘ಬೀದಿಯವರೆಲ್ಲ ಒಪ್ಪಿದ ಚೀಟಿ ನಿಯಮದ ಮೇಲೆ ಕಟ್ಟಿದ್ದು’ ಎಂದು ಹೇಳಿಕೊಳ್ಳಬಹುದು. ಅದು ಸುಳ್ಳಲ್ಲ ಕೂಡ!

ಈ ಎರಡು ಪದಗಳನ್ನು ಬರೆಯಲೇಬೇಕು ಎಂಬ ಕಟ್ಟುನಿಟ್ಟು ಬಂದದ್ದು 2019ರ ಡಿಸೆಂಬರ್‌ನಲ್ಲಿ ಹೊರಬಂದ ಸಾಲಿಡಿಟಿ 0.6.0ರಲ್ಲಿ. ‘ಅಬ್‌ಸ್ಟ್ರಾಕ್ಟ್’ ಎಂಬ ಪದವೂ ಆಗಲೇ ಬಂದದ್ದು. ಅದಕ್ಕೂ ಮೊದಲು ಒಂದು ಕೆಲಸವನ್ನು ಖಾಲಿ ಬಿಟ್ಟರೆ ಸಾಕು, ಕಾಂಟ್ರಾಕ್ಟ್ ತಾನಾಗಿಯೇ ಅರೆಬರೆಯಾಗಿಬಿಡುತ್ತಿತ್ತು. ಹೆಸರಿನ ಕಾಗುಣಿತ ಒಂದಕ್ಷರ ತಪ್ಪಿದರೆ, ಬದಲಾಯಿಸಿದೆ ಅಂದುಕೊಂಡದ್ದು ಬದಲಾಗದೆ ಹಳೆಯದೇ ಉಳಿಯುತ್ತಿತ್ತು.

ಹೆಸರಿನ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ರುಬಿಕ್ಸಿ ಎಂಬ ಹಳೆಯ ಕಾಂಟ್ರಾಕ್ಟ್ ಸಾಕ್ಷಿ. ಅದೊಂದು ಪಿರಮಿಡ್ ಸ್ಕೀಮು. ಮೊದಲ ಹೆಸರು ‘ಡೈನಾಮಿಕ್ ಪಿರಮಿಡ್’. ಆಗಿನ ಸಾಲಿಡಿಟಿಯಲ್ಲಿ ಕಾಂಟ್ರಾಕ್ಟ್‌ನ ಹೆಸರೇ ಇರುವ ಫಂಕ್ಷನ್, ಏರಿಸುವಾಗ ಒಮ್ಮೆ ಮಾತ್ರ ಓಡಿ ಯಜಮಾನ ಯಾರು ಎಂದು ಬರೆದಿಡುತ್ತಿತ್ತು. ಕಾಂಟ್ರಾಕ್ಟ್‌ನ ಹೆಸರನ್ನು ರುಬಿಕ್ಸಿ ಎಂದು ಬದಲಾಯಿಸಿದವರು ಒಳಗಿನ ಆ ಫಂಕ್ಷನ್‌ನ ಹೆಸರು ಬದಲಾಯಿಸುವುದನ್ನು ಮರೆತರು. ಅದು ಯಾರು ಬೇಕಾದರೂ ಕರೆಯಬಹುದಾದ ಸಾಮಾನ್ಯ ಫಂಕ್ಷನ್ ಆಯಿತು. ಕರೆದವರೇ ಯಜಮಾನರು! ಮೋಸದ ಸ್ಕೀಮಿಗೇ ಟೋಪಿ. 2018ರಲ್ಲಿ ‘ಕನ್‌ಸ್ಟ್ರಕ್ಟರ್’ ಎಂಬ ಪ್ರತ್ಯೇಕ ಪದ ತಂದು ಈ ತೂತನ್ನು ಮುಚ್ಚಲಾಯಿತು.

ಇಂಟರ್‌ಫೇಸ್ ಬೇರೆ, ಅಬ್‌ಸ್ಟ್ರಾಕ್ಟ್ ಬೇರೆ

ಫಾರ್ವರ್ಡ್‌ನ ಮೊದಲ ವಾಕ್ಯ ‘ಇಆರ್‌ಸಿ-20 ಸ್ಟ್ಯಾಂಡರ್ಡ್’ ಎನ್ನುತ್ತದೆ. 2015ರ ನವೆಂಬರ್‌ನಲ್ಲಿ ಫೇಬಿಯನ್ ಫೋಗೆಲ್‌ಸ್ಟೆಲ್ಲರ್ ಮತ್ತು ವಿಟಾಲಿಕ್ ಬ್ಯುಟೆರಿನ್ ಮುಂದಿಟ್ಟ ಈ ಸ್ಟ್ಯಾಂಡರ್ಡ್, ಒಂದು ಟೋಕನ್‌ನಲ್ಲಿ ಇರಲೇಬೇಕಾದ 6 ಫಂಕ್ಷನ್‌ಗಳನ್ನು ಪಟ್ಟಿ ಮಾಡುತ್ತದೆ: ಒಟ್ಟು ಎಷ್ಟು ಟೋಕನ್ ಇದೆ, ಯಾರ ಹತ್ತಿರ ಎಷ್ಟಿದೆ, ಕಳಿಸುವುದು, ಬೇರೆಯವರ ಪರವಾಗಿ ಕಳಿಸುವುದು, ಹಾಗೆ ಕಳಿಸಲು ಅನುಮತಿ ಕೊಡುವುದು, ಕೊಟ್ಟ ಅನುಮತಿ ಎಷ್ಟು ಎಂದು ನೋಡುವುದು. ಜೊತೆಗೆ ಹಣ ಸರಿದಾಗ ಮತ್ತು ಅನುಮತಿ ಕೊಟ್ಟಾಗ ಕೂಗಿ ಹೇಳುವ 2 ಸೂಚನೆಗಳು.

ಇಂಥ ಬರೀ ಪಟ್ಟಿಗೆ ಸಾಲಿಡಿಟಿಯಲ್ಲಿ ‘ಇಂಟರ್‌ಫೇಸ್’ ಎನ್ನುತ್ತಾರೆ. ಅದರಲ್ಲಿ ಯಾವ ಫಂಕ್ಷನ್‌ಗೂ ಒಳಗಿನ ಕೋಡ್ ಇರುವಂತಿಲ್ಲ, ಲೆಕ್ಕ ಬರೆದಿಡುವ ಜಾಗವೂ ಇರುವಂತಿಲ್ಲ. ಹೋಟೆಲ್ ಗೋಡೆಯ ಬೋರ್ಡ್ ಇದ್ದಂತೆ: ಇಡ್ಲಿ, ವಡೆ, ಖಾಲಿ ದೋಸೆ ಎಂದಿರುತ್ತದೆ. ಇಡ್ಲಿ ಹಳಸಿದೆಯೇ ಎಂದು ಬೋರ್ಡ್ ಹೇಳದು. ಅಬ್‌ಸ್ಟ್ರಾಕ್ಟ್ ಕಾಂಟ್ರಾಕ್ಟ್ ಹಾಗಲ್ಲ, ಅದರಲ್ಲಿ ಅಡುಗೆ ಮುಕ್ಕಾಲು ಆಗಿರುತ್ತದೆ. ಒಗ್ಗರಣೆ ಮಾತ್ರ ನಿಮ್ಮದು.

ಬೋರ್ಡ್‌ಗೆ ಸರಿಯಾಗಿ ನಡೆಯುವುದನ್ನೂ ಎಲ್ಲರೂ ಮಾಡುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಟೋಕನ್‌ಗಳಲ್ಲಿ ಒಂದಾದ ಯುಎಸ್‌ಡಿಟಿ, ಇಥೀರಿಯಂ ಮೇಲೆ ‘ಕಳಿಸು’ ಎಂದಾಗ ಸ್ಟ್ಯಾಂಡರ್ಡ್ ಹೇಳುವಂತೆ ‘ಆಯಿತು’ ಎಂಬ ಉತ್ತರವನ್ನು ಹಿಂದಿರುಗಿಸುವುದಿಲ್ಲ. ಇದೊಂದನ್ನು ಸಂಭಾಳಿಸಲು ಬೇರೆ ಕಾಂಟ್ರಾಕ್ಟ್ ಬರೆಯುವವರು ವಿಶೇಷ ಕೋಡ್ ಸೇರಿಸಿಕೊಳ್ಳಬೇಕಾಗುತ್ತದೆ. ಅದು ಮೋಸವಲ್ಲ, ಹಳೆಯ ಕೋಡ್, ಅಷ್ಟೆ.

ಓಪನ್‌ಜೆಪ್ಪೆಲಿನ್ ಹೆಸರಿನ ಹಿಂದೆ ಅಡಗುವುದು ಹೇಗೆ?

ಈಗ ಎರಡನೇ ವಾಕ್ಯ. ಓಪನ್‌ಜೆಪ್ಪೆಲಿನ್ ಎಂಬುದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕಾಂಟ್ರಾಕ್ಟ್‌ಗಳ ಸಂಗ್ರಹ. ಒಳ್ಳೆಯ ಸಂಗ್ರಹ; ನುರಿತವರು ಮತ್ತೆ ಮತ್ತೆ ನೋಡಿ ತಿದ್ದಿದ ಕೋಡ್. ಪ್ರತಿಯೊಬ್ಬರೂ ಸೊನ್ನೆಯಿಂದ ಬರೆದು ತಪ್ಪು ಮಾಡುವುದಕ್ಕಿಂತ ಇದನ್ನು ತೆಗೆದುಕೊಳ್ಳುವುದೇ ಸರಿ.

2023ರ ಅಕ್ಟೋಬರ್‌ನಲ್ಲಿ ಬಂದ ಅದರ 5ನೇ ಆವೃತ್ತಿಯಲ್ಲಿ ಇಆರ್‌ಸಿ-20 ಟೋಕನ್‌ನ ಕಾಂಟ್ರಾಕ್ಟ್ ಒಂದು ಅಬ್‌ಸ್ಟ್ರಾಕ್ಟ್ ಕಾಂಟ್ರಾಕ್ಟ್. ಕುತೂಹಲದ ವಿಷಯ ಎಂದರೆ ಅದರಲ್ಲಿ ಖಾಲಿ ಬಿಟ್ಟ ಫಂಕ್ಷನ್ ಒಂದೂ ಇಲ್ಲ. ಆದರೂ ‘ಹೀಗೇ ಬಳಸಬೇಡಿ’ ಎಂದು ಬೇಕೆಂದೇ ಆ ಪದ ಹಾಕಿದ್ದಾರೆ. ಯಾಕೆಂದರೆ ಮೊದಲ ಟೋಕನ್‌ಗಳನ್ನು ಹೇಗೆ, ಯಾರಿಗೆ, ಎಷ್ಟು ಹುಟ್ಟಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಮಗು ಹೇಳಬೇಕು.

ಆ ಕಾಂಟ್ರಾಕ್ಟ್ ಒಳಗೆ ‘ಅಪ್‌ಡೇಟ್’ ಎಂಬ ಒಂದು ಫಂಕ್ಷನ್ ಇದೆ. ಟೋಕನ್ ಹುಟ್ಟಿದರೂ, ನಾಶವಾದರೂ, ಒಬ್ಬರಿಂದ ಒಬ್ಬರಿಗೆ ಹೋದರೂ ಅದರ ಮೂಲಕವೇ ಹೋಗಬೇಕು. ಊರಿಗೆಲ್ಲ ಒಂದೇ ಚೆಕ್‌ಪೋಸ್ಟ್ ಇದ್ದ ಹಾಗೆ. ಅದು ವರ್ಚುಯಲ್. ಅಂದರೆ ಮಗು ಅಲ್ಲಿ ತನ್ನ ನಿಯಮ ಸೇರಿಸಬಹುದು. ಇದಕ್ಕೆ ಒಳ್ಳೆಯ ಉಪಯೋಗಗಳಿವೆ: ಇಂತಿಷ್ಟಕ್ಕಿಂತ ಹೆಚ್ಚು ಟೋಕನ್ ಹುಟ್ಟಬಾರದು ಎಂಬ ಮಿತಿ, ಅಪಾಯ ಕಂಡಾಗ ಎಲ್ಲ ವ್ಯವಹಾರ ನಿಲ್ಲಿಸುವ ಗುಂಡಿ. ಇವೆರಡನ್ನೂ ಓಪನ್‌ಜೆಪ್ಪೆಲಿನ್ ತಾನೇ ಇದೇ ಜಾಗದಲ್ಲಿ ಬರೆದು ಕೊಟ್ಟಿದೆ.

ಮೋಸಗಾರನಿಗೂ ಬೇಕಾದದ್ದು ಇದೇ ಜಾಗ. ನೀವು ಆನ್‌ಲೈನ್ ವಿನಿಮಯದಲ್ಲಿ ಟೋಕನ್ ಕೊಂಡಾಗ ಆ ಟೋಕನ್ ವಿನಿಮಯದ ಕೊಳದ ವಿಳಾಸದಿಂದ ನಿಮ್ಮ ವಿಳಾಸಕ್ಕೆ ಬರುತ್ತದೆ. ಮಾರಿದಾಗ ನಿಮ್ಮಿಂದ ಕೊಳಕ್ಕೆ ಹೋಗುತ್ತದೆ. ಚೆಕ್‌ಪೋಸ್ಟ್‌ಗೆ ಎರಡೂ ದಿಕ್ಕು ಕಾಣುತ್ತದೆ. ಅಲ್ಲಿ ಒಂದೇ ಒಂದು ಷರತ್ತು ಹಾಕಿದರೆ ಮುಗಿಯಿತು: ‘ಕೊಳಕ್ಕೆ ಹೋಗುತ್ತಿದ್ದರೆ, ಕಳಿಸುವವರು ನನ್ನ ಪಟ್ಟಿಯಲ್ಲಿ ಇಲ್ಲದಿದ್ದರೆ, ವ್ಯವಹಾರ ರದ್ದು.’ ಕೊಳ್ಳುವುದು ಸಲೀಸು, ಮಾರುವುದು ಅಸಾಧ್ಯ. ಉಳಿದ ನೂರಾರು ಸಾಲು ಓಪನ್‌ಜೆಪ್ಪೆಲಿನ್‌ನದೇ, ಅಕ್ಷರ ಬಿಡದೆ. ಇಂಥ ಟೋಕನ್‌ಗೆ ‘ಹನಿಪಾಟ್’ ಎನ್ನುತ್ತಾರೆ. ಸ್ಕ್ವಿಡ್ ಟೋಕನ್ ಇದೇ ಸಾಲನ್ನು ಬಳಸಿತ್ತು ಎಂದು ನಾವು ಹೇಳುತ್ತಿಲ್ಲ. ಅದು ಬೇರೆ ಬ್ಲಾಕ್‌ಚೈನ್‌ನ, ಈ 5ನೇ ಆವೃತ್ತಿಗಿಂತ ಹಳೆಯ ಟೋಕನ್. ಕೊಂಡವರು ಸಿಕ್ಕಿಬಿದ್ದದ್ದು ಮಾತ್ರ ಹೀಗೇ.

ಇನ್ನೂ ನಯವಾದ ವಿಧಾನಗಳಿವೆ. ಮಾರಾಟಕ್ಕೆ ಶುಲ್ಕ ಇಟ್ಟು, ಮೊದಲು 2 ಪರ್ಸೆಂಟ್ ಎಂದು ತೋರಿಸಿ, ಆಮೇಲೆ ಯಜಮಾನ ಅದನ್ನು 99ಕ್ಕೆ ಏರಿಸುವುದು. ನಿರ್ದಿಷ್ಟ ವಿಳಾಸಗಳನ್ನು ಕಪ್ಪುಪಟ್ಟಿಗೆ ಸೇರಿಸುವುದು. ಕಪ್ಪುಪಟ್ಟಿ ಇದ್ದ ಮಾತ್ರಕ್ಕೆ ಮೋಸ ಎನ್ನಲೂ ಬಾರದು. ಯುಎಸ್‌ಡಿಟಿ, ಯುಎಸ್‌ಡಿಸಿ ಎರಡರಲ್ಲೂ ಆ ಸೌಲಭ್ಯ ಇದೆ.

ಓಪನ್‌ಜೆಪ್ಪೆಲಿನ್‌ನವರು ಇದನ್ನು ತಡೆಯಬಾರದೇ ಎಂದು ನೀವು ಕೇಳಬಹುದು. ಮೇಲೆ ನೆನಪಿಡಿ ಎಂದಿದ್ದು ಇಲ್ಲಿಗೆ. ಅಪ್ಪನ ಕೋಡ್ ಮಗುವಿನ ಜೊತೆ ಬೆಸೆದು ಹೋಗಿದೆ. ಬರೆದವರಿಗೆ ಆ ಟೋಕನ್ ಹುಟ್ಟಿದ್ದೇ ಗೊತ್ತಿರುವುದಿಲ್ಲ. ಹೆಸರಾಂತ ಕಂಪನಿಯ ಸಿಮೆಂಟ್ ಬಳಸಿದ ಮಾತ್ರಕ್ಕೆ ಮನೆಯ ನಕ್ಷೆಗೆ ಕಂಪನಿ ಜವಾಬ್ದಾರಿ ಆಗುತ್ತದೆಯೇ?

‘ವೆರಿಫೈ ಆಗಿದೆ’, ‘ಯಜಮಾನನೇ ಇಲ್ಲ’

ಈಥರ್‌ಸ್ಕ್ಯಾನ್‌ನಂಥ ತಾಣಗಳಲ್ಲಿ ಕಾಂಟ್ರಾಕ್ಟ್ ಪಕ್ಕ ಹಸಿರು ಟಿಕ್ ಕಂಡರೆ ಅದರ ಅರ್ಥ ಇಷ್ಟೇ: ಇಲ್ಲಿ ತೋರಿಸಿರುವ ಕೋಡ್ ಮತ್ತು ಬ್ಲಾಕ್‌ಚೈನ್ ಮೇಲೆ ಓಡುತ್ತಿರುವ ಕೋಡ್ ಒಂದೇ. ಅದು ಪ್ರಾಮಾಣಿಕ ಕೋಡ್ ಎಂದು ಯಾರೂ ಪರೀಕ್ಷಿಸಿ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಮೋಸದ ಸಾಲೂ ವೆರಿಫೈ ಆಗುತ್ತದೆ. ಟಿಕ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಇದ್ದರೆ ಓದಲು ಸಾಧ್ಯ ಎಂದಷ್ಟೇ ಅರ್ಥ.

‘ಓನರ್‌ಶಿಪ್ ಬಿಟ್ಟುಕೊಟ್ಟಿದ್ದಾರೆ’ ಎಂಬ ಮಾತೂ ಹೀಗೇ. ಓಪನ್‌ಜೆಪ್ಪೆಲಿನ್‌ನ ‘ಓನಬಲ್’ ಎಂಬ ಇನ್ನೊಂದು ಅಬ್‌ಸ್ಟ್ರಾಕ್ಟ್ ಕಾಂಟ್ರಾಕ್ಟ್‌ನಲ್ಲಿ ಯಜಮಾನಿಕೆಯನ್ನು ಶಾಶ್ವತವಾಗಿ ಬಿಡುವ ಫಂಕ್ಷನ್ ಇದೆ. ಅದನ್ನು ಒತ್ತಿದರೆ ಯಜಮಾನನ ಜಾಗದಲ್ಲಿ ಸೊನ್ನೆ ವಿಳಾಸ ಕಾಣುತ್ತದೆ. ಆದರೆ ಮಗುವಿನ ಕೋಡ್‌ನಲ್ಲಿ ಬೇರೆ ಹೆಸರಿನ ಇನ್ನೊಬ್ಬ ಅಧಿಕಾರಿಯನ್ನು ಇಟ್ಟುಕೊಂಡಿದ್ದರೆ ಸೊನ್ನೆ ಬರೀ ತೋರಿಕೆ. ‘ಯಾರೂ ಬದಲಾಯಿಸಲು ಬರುವುದಿಲ್ಲ’ ಎಂಬುದಕ್ಕೂ ಅಪವಾದ ಇದೆ: ‘ಪ್ರಾಕ್ಸಿ’ ಎಂಬ ಬಗೆಯ ಕಾಂಟ್ರಾಕ್ಟ್ ತನ್ನ ಕೆಲಸವನ್ನು ಇನ್ನೊಂದು ವಿಳಾಸದ ಕೋಡ್‌ಗೆ ವಹಿಸುತ್ತದೆ, ಆ ವಿಳಾಸವನ್ನು ಮುಂದೆ ಬದಲಾಯಿಸಬಹುದು.

ಫೋನ್‌ನಲ್ಲೇ ನೋಡುವುದು ಹೇಗೆ?

ಟೋಕನ್ ಹೆಸರಿನಿಂದ ಹುಡುಕಬೇಡಿ, ಒಂದೇ ಹೆಸರಿನಲ್ಲಿ ಹತ್ತು ನಕಲಿ ಇರಬಹುದು. ಕಾಂಟ್ರಾಕ್ಟ್ ವಿಳಾಸ ಹಾಕಿ. ‘ಕಾಂಟ್ರಾಕ್ಟ್’ ಎಂಬ ಭಾಗ ತೆರೆದು ಕೋಡ್‌ನಲ್ಲಿ ಇಂಗ್ಲಿಷಿನ ‘ಓವರ್‌ರೈಡ್’ ಪದವನ್ನು ಹುಡುಕಿ. ಸ್ಟ್ಯಾಂಡರ್ಡ್ ಕೋಡ್‌ನಲ್ಲೂ ಆ ಪದ ಸಿಗುತ್ತದೆ, ಗಾಬರಿ ಬೇಡ. ಟೋಕನ್‌ನ ಸ್ವಂತ ಹೆಸರಿರುವ ಕೊನೆಯ ಮಗುವಿನ ಫೈಲ್‌ನಲ್ಲಿ ಅದು ಎಲ್ಲಿದೆ ಎಂಬುದು ಮುಖ್ಯ. ‘ಅಪ್‌ಡೇಟ್’ ಅಥವಾ ‘ಟ್ರಾನ್ಸ್‌ಫರ್’ ಫಂಕ್ಷನ್‌ಗಳ ಪಕ್ಕ ಇದ್ದರೆ ಆ ಹತ್ತು ಸಾಲನ್ನು ಕೋಡ್ ಬಲ್ಲ ಒಬ್ಬರಿಗೆ ತೋರಿಸಿ. ಇಡೀ ಕೋಡ್ ಓದಿ ಎಂದರೆ ಯಾರೂ ಒಪ್ಪುವುದಿಲ್ಲ, ಹತ್ತು ಸಾಲು ಓದಿಕೊಡುತ್ತಾರೆ. ಮಗುವಿನ ಫೈಲ್‌ನಲ್ಲಿ ಅಂಥದ್ದೇನೂ ಕಾಣದಿದ್ದರೂ ಕೋಡ್ ಶುದ್ಧ ಎಂದು ಸಾಬೀತಾಗುವುದಿಲ್ಲ. ಓಪನ್‌ಜೆಪ್ಪೆಲಿನ್ ಎಂದು ತಲೆಬರಹ ಇಟ್ಟುಕೊಂಡು ಅಪ್ಪನ ಫೈಲನ್ನೇ ತಿದ್ದಿರಬಹುದು.

ಸ್ವಲ್ಪ ಹಣ ಹಾಕಿ ಮಾರಿ ನೋಡಿದೆ, ಆಯಿತು ಎಂಬುದನ್ನೂ ನಂಬಬೇಡಿ. ಇವತ್ತು ಬಿಟ್ಟು ನಾಳೆ ತಡೆಯುವ ಷರತ್ತನ್ನು ಬರೆಯುವುದು ಕಷ್ಟವೇನಲ್ಲ.

ಈಗಾಗಲೇ ಹಣ ಸಿಕ್ಕಿಬಿದ್ದಿದ್ದರೆ ವ್ಯವಹಾರದ ಹ್ಯಾಶ್ ಸಂಖ್ಯೆ, ಕಾಂಟ್ರಾಕ್ಟ್ ವಿಳಾಸ, ಫಾರ್ವರ್ಡ್ ಬಂದ ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕ್ ಅಥವಾ ಯುಪಿಐ ಮೂಲಕ ಹಣ ಹೋಗಿದ್ದರೆ ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಒಳ್ಳೆಯದು. ಇದಾದ ಕೆಲವು ದಿನಕ್ಕೆ ‘ಕಳೆದ ಕ್ರಿಪ್ಟೋ ವಾಪಸ್ ತಂದುಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ’ ಎಂಬ ಮೆಸೇಜ್ ಬರಬಹುದು. ಅದಕ್ಕೆ ಉತ್ತರಿಸಬೇಡಿ. ಹಾಗೆ ಬರೆಯುವವರಿಗೆ ಆ ಕಾಂಟ್ರಾಕ್ಟ್‌ನ ಬೀಗ ತೆಗೆಯುವ ಕೀ ಇರುವುದಿಲ್ಲ. ಇದ್ದರೆ ಅವರೇ ಮೊದಲ ಕಳ್ಳರು.